ಕತ್ತರಿಸಿ ತೆಗೆದ ಒಂದು ಸೆಕೆಂಡು

ಸಿನಿಮಾ ಕಲಿಯುವ ಹುಡುಗ ಹುಡುಗಿಯರು ಈಗಲೂ ಆಗೊಮ್ಮೆ ಈಗೊಮ್ಮೆ ದೊಡ್ಡಬಳ್ಳಾಪುರದ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಪಕ್ಕದ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಓಡುವುದರಿಂದ ಜೋರಾಗಿ ಮಾತಾಡಬೇಕು. ಅವರು ಕೇಳುವುದು ಹೆಚ್ಚಾಗಿ ದೊಡ್ಡ ನಟರ ವಿಷಯ. ಯಾರಿಗೆ ಕೋಪ ಜಾಸ್ತಿ, ಯಾರು ತಡವಾಗಿ ಬರುತ್ತಿದ್ದರು, ಇಂಥವು. ನಾನು ನಿರ್ದೇಶಿಸಿದ್ದು ಒಂಬತ್ತು ಚಿತ್ರ. ಯಾವುದು ಎಷ್ಟು ವಾರ ಓಡಿತು, ಯಾವುದಕ್ಕೆ ಹಾರ ಹಾಕಿದರು ಎಂದು ಬರೆಯುವ ಆಸೆ ನನಗಿಲ್ಲ. ಈ ಕೆಲಸಕ್ಕೆ ಇಳಿಯುವವರಿಗೆ ನನ್ನಿಂದ ಏನಾದರೂ ಉಪಯೋಗ ಆಗುವುದಿದ್ದರೆ ಅದು ನನ್ನ ತಪ್ಪುಗಳಿಂದ.

ಅವುಗಳಲ್ಲಿ ಒಂದನ್ನು ನಾನೇ ಊರೂರು ತಿರುಗಿ ಸರಿಪಡಿಸಿದೆ. ಈಗ ಆ ತಪ್ಪು ಎಲ್ಲಾದರೂ ಒಂದು ಕಡೆ ಉಳಿದಿರಲಿ ಎಂದು ಬೇಡಿಕೊಳ್ಳುವಂತಾಯಿತು. ನನ್ನ ಹೆಂಡತಿ ಅಂಬುಜ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಆ ತಪ್ಪಿನಲ್ಲಿ ಅವಳಿದ್ದಳು. ಇಪ್ಪತ್ತೆರಡು ವರ್ಷದ ಅಂಬುಜ ಅಲುಗಿದ್ದು ಫಿಲ್ಮಿನ ಮೇಲೆ ದಾಖಲಾದದ್ದು ಅದೊಂದೇ ಸಲ, ಸುಮಾರು ಒಂದು ಸೆಕೆಂಡು.

ನಾನು ಸ್ಟುಡಿಯೊ ಗೇಟಿನೊಳಗೆ ಮೊದಲು ಕಾಲಿಟ್ಟದ್ದು ಸೀರೆಯ ಗಂಟು ಹೊತ್ತುಕೊಂಡು. ಆಗ ಕನ್ನಡ ಚಿತ್ರಗಳು ಬಹುಪಾಲು ಮದರಾಸಿನಲ್ಲಿ ತಯಾರಾಗುತ್ತಿದ್ದವು. ನಮ್ಮ ಅಪ್ಪ ನೇಯ್ದ ಸೀರೆಗಳನ್ನು ನಮ್ಮ ಸೋದರಮಾವ ಅಲ್ಲಿನ ಉಡುಪಿನ ವಿಭಾಗಕ್ಕೆ ಕೊಡುತ್ತಿದ್ದರು. ಅವತ್ತು ಉಡುಪಿನವರು ಎಂಟು ಹತ್ತು ಸೀರೆ ಹರಡಿಕೊಂಡು ಕೂತಿದ್ದಾಗ, ಬಿಳಿ ಪಂಚೆ ಉಟ್ಟ ದಪ್ಪನೆಯ ಒಬ್ಬರು ಬಂದು ನಿಂತರು. ಅವರೇ ಆ ಚಿತ್ರದ ನಿರ್ದೇಶಕರು. ಫ್ಲೋರಿನಲ್ಲಿ ಎಲ್ಲರೂ ಅವರನ್ನು ದೊಡ್ಡೋರು ಎನ್ನುತ್ತಿದ್ದರು. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

"ಏನಪ್ಪಾ, ಅಕ್ಕನಿಗೆ ಒಂದು ಸೀರೆ, ತಂಗಿಗೆ ಒಂದು ಸೀರೆ ಬೇಕು. ತೆರೆ ಮೇಲೆ ಬೇರೆ ಬೇರೆ ಕಾಣ್ಬೇಕು. ಯಾವುದು ಕೊಡ್ತೀಯ?" ಎಂದರು.

ಉಡುಪಿನವರು ಕೆಂಪು ಒಂದು, ಹಸಿರು ಒಂದು ತೆಗೆದಿಟ್ಟಿದ್ದರು. ನಾನು ಕಣ್ಣು ಅರ್ಧ ಮುಚ್ಚಿ ನೋಡಿದೆ. ಸಂಜೆಗತ್ತಲಲ್ಲಿ ನೂಲು ಆರಿಸುವಾಗ ಅಪ್ಪ ಹಾಗೆ ನೋಡುತ್ತಿದ್ದರು. ಆಗ ಬಣ್ಣ ಹೋಗಿ ಬರೀ ಕಪ್ಪು ಬಿಳುಪು ಉಳಿಯುತ್ತದೆ. "ಈ ಕೆಂಪು, ಈ ಹಸಿರು ಎರಡೂ ಒಂದೇ ಥರ ಕಪ್ಪು ಕಾಣ್ತವೆ ಸಾರ್. ಅಕ್ಕನಿಗೆ ಕೆಂಪು ಇಟ್ಕೊಳಿ, ತಂಗಿಗೆ ಈ ತೆಳು ಹಳದಿ ಕೊಡಿ" ಎಂದೆ. ದೊಡ್ಡೋರು ನನ್ನ ಊರು ಕೇಳಿದರು. ಅಲ್ಲಿಂದ ಮುಂದೆ, ಅವರು ಹೋಗುವವರೆಗೂ, ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ. "ಲೋ ದೊಡ್ಡಬಳ್ಳಾಪುರ" ಎಂದೇ ಕರೆದರು. ಮಾವನ ಜೊತೆ ನಾನು ವಾಪಸು ಬರಲಿಲ್ಲ.

ದೊಡ್ಡೋರ ಹತ್ತಿರ ಏಳು ವರ್ಷ ಸಹಾಯಕನಾಗಿದ್ದೆ. ಅವರು ಶಾಟ್ ನಡೆಯುವಾಗ ನಟರ ಮುಖ ನೋಡುತ್ತಿರಲಿಲ್ಲ. ಕ್ಯಾಮೆರಾದ ಪಕ್ಕದಲ್ಲಿ ಒಂದು ಮುಕ್ಕಾಲಿ ಹಾಕಿಕೊಂಡು ಹಿಂದಿನ ಗೋಡೆ, ಪರದೆ, ಮೂಲೆಯಲ್ಲಿ ನಿಂತ ಆಳು, ಇವನ್ನೇ ನೋಡುತ್ತಿದ್ದರು. ನನಗೆ ಹೇಳಿದ ಮೊದಲ ಪಾಠವೂ ಅದೇ: "ಅಲ್ಲಾಡೋದನ್ನ ಜನ ನೋಡ್ತಾರೆ ಕಣೋ. ಮಹಾರಾಜ ಪುಟಗಟ್ಟಲೆ ಮಾತಾಡ್ತಿರ್ಲಿ, ಹಿಂದೆ ಪರದೆ ಅಲ್ಲಾಡಿದ್ರೆ ಮುಗೀತು. ಎಲ್ಲರ ಕಣ್ಣೂ ಪರದೆ ಮೇಲೆ." ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಬರೆದುಕೊಂಡದ್ದನ್ನು ನಂಬಲಿಲ್ಲ. ಅದಕ್ಕೆ ಒಂದು ಕಾರಣವಿದೆ. ನಾನು ಸಹಾಯಕನಾಗಿದ್ದ ಎರಡನೆಯ ಚಿತ್ರದಲ್ಲಿ, ನಾಯಕ ಮನೆಯಿಂದ ಬಲಗಡೆಗೆ ಹೊರಟು ಕಚೇರಿಗೆ ಬರಬೇಕು. ಕಚೇರಿಯ ಸೆಟ್ಟಿನಲ್ಲಿ ಅವನನ್ನು ಬಲಗಡೆಯಿಂದಲೇ ಒಳಗೆ ಕಳಿಸಿದೆ. ತೆರೆಯ ಮೇಲೆ ಆತ ಅರ್ಧ ದಾರಿಯಲ್ಲಿ ತಿರುಗಿ ಮನೆಗೇ ವಾಪಸು ಬಂದಂತೆ ಕಾಣುತ್ತದೆ. ಈಗಿನಂತೆ ತೆಗೆದ ಕೂಡಲೇ ನೋಡುವ ಮಾನಿಟರ್ ಇರಲಿಲ್ಲ. ಲ್ಯಾಬಿನಿಂದ ತೊಳೆದು ಬರುವುದಕ್ಕೆ ದಿನಗಳೇ ಹಿಡಿಯುತ್ತಿದ್ದವು. ಅಷ್ಟರಲ್ಲಿ ಬಡಗಿಗಳು ಸೆಟ್ಟನ್ನು ಕಿತ್ತಿದ್ದರು. ದೊಡ್ಡೋರು ಬೈಯಲಿಲ್ಲ. ಬಿಡುಗಡೆಯ ದಿನ ನನ್ನನ್ನು ಥಿಯೇಟರಿಗೆ ಕಳಿಸಿ, "ಹೋಗಿ ಜನ ಏನಂತಾರೆ ಕೇಳ್ಕೊಂಡು ಬಾ" ಎಂದರು. ಜನ ಏನೂ ಅನ್ನಲಿಲ್ಲ. ಯಾರಿಗೂ ಗೊತ್ತೇ ಆಗಲಿಲ್ಲ. ವಾಪಸು ಬಂದು ಹಾಗೆಂದು ಹೇಳಿದಾಗ ಅವರು, "ಜನಕ್ಕೆ ಗೊತ್ತಾಗ್ಲಿಲ್ಲ ಅಂತ ಖುಷಿ ಪಡ್ತಿದೀಯಲ್ಲೋ" ಎಂದರು. ನಿಜಕ್ಕೂ ಖುಷಿಪಟ್ಟಿದ್ದೆ. ಜನ ನಾವು ತೋರಿಸಿದ್ದನ್ನಷ್ಟೇ ನೋಡುತ್ತಾರೆ ಎಂದು ಅವತ್ತು ತೀರ್ಮಾನಿಸಿದೆ.

ಮದುವೆಯಾದದ್ದು ಆ ವರ್ಷಗಳಲ್ಲೇ. ಅಂಬುಜ ನಮ್ಮೂರಿನವಳು, ನೇಯ್ಗೆಯ ಮನೆಯವಳು. ಮಗ್ಗದ ಮೇಲೆ ಒಂದು ಹಾಸು ಮುಗಿದಾಗ, ಅದರ ಸಾವಿರಾರು ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಅವಳು ಎಂಟು ವರ್ಷದವಳಿದ್ದಾಗಿನಿಂದ ಆ ಕೆಲಸ ಮಾಡಿದ್ದಳು. ಸ್ಟುಡಿಯೊ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ಮಾಡಿದ್ದೆವು. ಅವಳಿಗೆ ಸಿನಿಮಾ ಎಂದರೆ ಅಷ್ಟಕ್ಕಷ್ಟೆ. "ಅಳೋದನ್ನ ಟಿಕೆಟ್ ತಗೊಂಡು ಯಾಕ್ರೀ ನೋಡ್ಬೇಕು?" ಎನ್ನುತ್ತಿದ್ದಳು. ಮಧ್ಯಾಹ್ನ ಊಟದ ಕ್ಯಾರಿಯರ್ ತಂದು ಫ್ಲೋರಿನ ಬಾಗಿಲಲ್ಲಿ ಕೊಟ್ಟು ಹೋಗುವಳು. ಒಳಗೆ ಇಣುಕುತ್ತಲೂ ಇರಲಿಲ್ಲ.

ನಾನು ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರದಲ್ಲಿ ತಾಯಿ ಸಾಯುವ ದೃಶ್ಯವಿತ್ತು. ಮುತ್ತೈದೆಯಾಗಿ ಸಾಯುತ್ತಾಳೆ, ಊರು ಬಿಟ್ಟು ಹೋಗಿದ್ದ ಮಗ ಬಂದು ಕಾಲಿನ ಮೇಲೆ ಬೀಳುತ್ತಾನೆ. ತಾಯಿಯ ಪಾತ್ರದ ಹಿರಿಯ ನಟಿಯ ಕಾಲ್‌ಶೀಟ್ ಒಂದು ಗಂಟೆಗೆ ಮುಗಿದು ಅವರು ಇನ್ನೊಂದು ಸ್ಟುಡಿಯೊಗೆ ಹೊರಟರು. ಒಂದೇ ಶಾಟ್ ಉಳಿದಿತ್ತು: ಮುಂದೆ ಹೆಣದ ಎರಡು ಪಾದ, ಹಿಂದೆ ಮಗನ ಮುಖ. ಪಾದಕ್ಕೆಂದು ಕರೆಸಿದ ಹೆಂಗಸು ಹೊಸದಾಗಿ ಮದುವೆಯಾದವಳು, ಚಟ್ಟದ ಮೇಲೆ ಮಲಗುವುದಿಲ್ಲ ಎಂದು ಅತ್ತುಬಿಟ್ಟಳು. ಸೆಟ್ಟು ಸಂಜೆಗೆ ಕೀಳಬೇಕು. ನಾನು ತಲೆಯ ಮೇಲೆ ಕೈ ಹೊತ್ತು ನಿಂತಿದ್ದಾಗ ಅಂಬುಜ ಕ್ಯಾರಿಯರ್ ಹಿಡಿದು ಬಾಗಿಲಿಗೆ ಬಂದಳು.

"ಏನಾಯ್ತು, ಹಿಂಗ್ ನಿಂತಿದೀರಿ?"

ಹೇಳಿದೆ.

"ಕಾಲು ತಾನೆ? ನನಗೂ ಎರಡಿವೆ" ಎಂದಳು.

ಫ್ಲೋರೆಲ್ಲ ಬೇಡ ಎಂದಿತು. ಲೈಟಿನವರು ಮೇಲಿನಿಂದ ಕೂಗಿ ಬೇಡ ಎಂದರು. ಅವಳು ಮಾತ್ರ ಕ್ಯಾರಿಯರ್ ಕೆಳಗಿಟ್ಟು, ಕಾಲು ತೊಳೆದುಕೊಂಡು ಬಂದು ಮಲಗಿದಳು. ಮುಖವೂ ಮುಚ್ಚುವಂತೆ ಬಿಳಿ ಬಟ್ಟೆ ಹೊದಿಸಿದೆವು. ಪಾದಕ್ಕೆ ಅರಿಶಿನ ಹಚ್ಚಿದರು. ನಮ್ಮ ಕಡೆ ಹೆಣದ ಎರಡು ಹೆಬ್ಬೆರಳನ್ನೂ ಸೇರಿಸಿ ದಾರದಲ್ಲಿ ಕಟ್ಟುತ್ತಾರಲ್ಲ, ಅದು ಶಾಟಿನಲ್ಲಿ ಕಾಣಬೇಕಿತ್ತು. ಮೇಕಪ್ಪಿನವರು ದಾರ ಹಿಡಿದುಕೊಂಡೇ ನಿಂತರು.

"ಬದುಕಿರೋ ಮುತ್ತೈದೆ ಕಾಲಿಗೆ ನಾನು ಗಂಟು ಹಾಕಲ್ಲ ಸಾರ್. ಬೇಕಾದ್ರೆ ನೀವೇ ಹಾಕ್ಕೊಳಿ."

ನಾನು ದಾರ ತೆಗೆದುಕೊಂಡೆ. ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಬೀಗುತ್ತಿದ್ದವನು ನಾನು. ಆದರೂ ಗಂಟು ಹಾಕಲು ನನ್ನ ಕೈ ಬರಲಿಲ್ಲ. ಬೆರಳುಗಳ ಮೇಲೆ ದಾರವನ್ನು ಎರಡು ಸುತ್ತು ಸುಮ್ಮನೆ ಹಾಸಿಟ್ಟೆ. ಕ್ಯಾಮೆರಾಗೆ ಅದು ಕಟ್ಟಿದಂತೆಯೇ ಕಾಣುತ್ತಿತ್ತು.

ಆಗ ಫಿಲ್ಮು ಸುಲಭಕ್ಕೆ ಸಿಗುವ ವಸ್ತುವಲ್ಲ. ಒಂದು ಶಾಟಿಗೆ ಎರಡು ಟೇಕು, ಅಷ್ಟೇ. ಮೊದಲ ಟೇಕಿನಲ್ಲಿ ನಾಯಕ ನಟ ಅದ್ಭುತವಾಗಿ ಅತ್ತ. ಬಾಗಿದ, ಅವನ ಕಣ್ಣಿನಿಂದ ಗ್ಲಿಸರಿನ್ ಬೆರೆತ ಒಂದು ಹನಿ ಅಂಬುಜಳ ಎಡಗಾಲಿನ ಮೇಲೆ ಬಿತ್ತು. ಅವಳಿಗೆ ಮೊದಲೇ ಕಚಗುಳಿ ಜಾಸ್ತಿ. ಎಡಗಾಲಿನ ಹೆಬ್ಬೆರಳು ಪಟಕ್ಕನೆ ಎದ್ದು ಮಡಚಿ ಕೆಳಗಿಳಿಯಿತು. ದಾರ ಜಾರಿತು. ಬಟ್ಟೆಯೊಳಗಿನ ಹೊಟ್ಟೆ ಕುಲುಕಿದ್ದು ಕ್ಯಾಮೆರಾಗೆ ಕಾಣಲಿಲ್ಲ, ನನಗೆ ಕಂಡಿತು. ನಟ ಏನೂ ಗಮನಿಸದೆ ಎದೆ ಬಿರಿಯುವಂತೆ ಒಮ್ಮೆ ಬಿಕ್ಕಿದ. ಇಡೀ ಚಿತ್ರದಲ್ಲಿ ಅಂಥ ಬಿಕ್ಕು ಇನ್ನೊಂದಿರಲಿಲ್ಲ.

"ಕಟ್! ಏನೇ ನೀನು? ಹೆಣ ಎಲ್ಲಾದ್ರೂ ಕಾಲು ಅಲ್ಲಾಡಿಸ್ತದಾ?" ಎಂದು ಎಲ್ಲರೆದುರು ಕೂಗಿದೆ. ಅವಳು ಬಟ್ಟೆಯೊಳಗಿಂದಲೇ, "ಆತ ಕಾಲ್ ಮೇಲೆ ಅತ್ರೆ ನಾನೇನ್ ಮಾಡ್ಲಿ? ನೆಲದ ಮೇಲೆ ಅಳಕ್ಕೆ ಹೇಳಿ" ಎಂದಳು. ಫ್ಲೋರೆಲ್ಲ ನಕ್ಕಿತು. ಎರಡನೆಯ ಟೇಕಿನಲ್ಲಿ ಅವಳು ಕಲ್ಲಿನಂತೆ ಮಲಗಿದಳು. ನಟನಿಗೆ ಆ ಅಳು ಮತ್ತೆ ಬರಲಿಲ್ಲ.

ಸಾವಿನ ದೃಶ್ಯದಲ್ಲಿ ಮಲಗಿದವರು ಎದ್ದು ಕ್ಯಾಮೆರಾ ನೋಡಿ ಒಮ್ಮೆ ನಗಬೇಕು ಎಂಬ ಪದ್ಧತಿ ನಮ್ಮಲ್ಲಿತ್ತು. ಅಪಶಕುನ ಕಳೆಯಲಿ ಎಂದು. ಆ ತುಂಡನ್ನು ಆಮೇಲೆ ಬಿಸಾಡುತ್ತಿದ್ದರು. ಮುಖ ಕಾಣಿಸಿಲ್ಲವಲ್ಲ, ನಗುವೂ ಬೇಡ ಎಂದು ನಾನು ಕ್ಯಾಮೆರಾ ನಿಲ್ಲಿಸಲು ಹೇಳಿದೆ. ಅವಳು ಎದ್ದು ನಕ್ಕಳು. ಕ್ಯಾಮೆರಾ ಆಗಲೇ ನಿಂತಿತ್ತು. ಶಕುನದ ಮಾತಿಗೆ ಈಗಲೂ ನಾನು ಬೆಲೆ ಕೊಡುವುದಿಲ್ಲ. ಅವಳು ಆಮೇಲೆ ಐವತ್ತಕ್ಕೂ ಹೆಚ್ಚು ವರ್ಷ ಬದುಕಿದಳು.

ಸಂಕಲನ ಮಾಡಿದವನು ದಸ್ತಗೀರ್, ನೆಲಮಂಗಲದ ಕಡೆಯವನು. ನನಗಿಂತ ಎರಡು ವರ್ಷ ದೊಡ್ಡವನು. ಮನೆಯಲ್ಲಿ ದಖನಿ, ನಮ್ಮೊಂದಿಗೆ ಕನ್ನಡ. ಮದರಾಸಿನಲ್ಲಿ ನಮ್ಮ ಕಡೆಯ ಮಾತು ಕೇಳಬೇಕೆನಿಸಿದಾಗ ನಾನು ಅವನ ಕೋಣೆಗೆ ಹೋಗಿ ಕೂರುತ್ತಿದ್ದೆ. ಫಿಲ್ಮಿನ ತುಂಡುಗಳನ್ನು ಕೊರಳಿಗೆ ಹಾಕಿಕೊಂಡು, ಫಿಲ್ಮಿಗೆ ಬೆಂಕಿ ತಗಲೀತೆಂದು ಬೀಡಿ ಸೇದದೆ ಚಡಪಡಿಸುತ್ತ ಕೆಲಸ ಮಾಡುವನು. ಮೊದಲ ಟೇಕನ್ನು ಅವನ ಪುಟ್ಟ ಯಂತ್ರದ ಅಂಗೈ ಅಗಲದ ಪರದೆಯಲ್ಲಿ ಓಡಿಸಿ ನೋಡಿದೆವು. ಬಿಕ್ಕು ಬೇಕೆಂದರೆ ಹೆಬ್ಬೆರಳು ಬರುತ್ತದೆ. ಹೆಬ್ಬೆರಳು ಬೇಡವೆಂದರೆ ಬಿಕ್ಕಿನ ಮುಂಚೆಯೇ ನಿಲ್ಲಿಸಬೇಕು.

"ಸಾಮಿ, ಕಾಲು ಅಲ್ಲಾಡ್ತದೆ" ಎಂದ.

"ಅವನ ಮುಖ ನೋಡು ದಸ್ತಗೀರ್. ಆ ಮುಖ ಬಿಟ್ಟು ಕಾಲು ಯಾರು ನೋಡ್ತಾರೆ?"

"ನಾನು ನೋಡ್ದೆ."

"ನೀನು ಎಡಿಟರು. ಜನ ಬೇರೆ."

"ಪಿಕ್ಚರ್ ನಿಮ್ದು" ಎಂದು ಅವನು ಅಂಟು ಹಚ್ಚಿದ.

ಚಿತ್ರ ದೊಡ್ಡಬಳ್ಳಾಪುರಕ್ಕೆ ಬಂದ ದಿನ ಮಗ್ಗಗಳಿಗೆ ರಜೆ. ಮ್ಯಾಟಿನಿಗೆ ನಮ್ಮ ಬೀದಿಯವರೆಲ್ಲ ಬಂದಿದ್ದರು, ಅಪ್ಪ ಮೊದಲ ಸಲ ಕುರ್ಚಿ ಟಿಕೆಟಿನಲ್ಲಿ ಕೂತಿದ್ದರು. ಸಾವಿನ ದೃಶ್ಯ ಬರುವಷ್ಟರಲ್ಲಿ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡಿದ್ದರು. ಮಗ ಬಾಗಿದ. ಹನಿ ಬಿತ್ತು. ನೆಲದ ಮೇಲೆ ಕೂತವರಲ್ಲಿ ಯಾರೋ ಕೂಗಿದ:

"ಲೇ, ಹೆಣಕ್ಕೆ ಇನ್ನೂ ಜೀವ ಐತೆ ಕಣ್ಲಾ!"

ಇನ್ನೊಬ್ಬ, "ಅಮ್ಮಾ, ಎದ್ದೇಳಮ್ಮ, ಮಗ ಬಂದವ್ನೆ!" ಎಂದ. ಅಲ್ಲಿಗೆ ಮುಗಿಯಿತು. ಆ ಬಿಕ್ಕು ಯಾರಿಗೂ ಕೇಳಿಸಲಿಲ್ಲ. ಮುಂದಿನ ಅರ್ಧ ಗಂಟೆ ಯಾರು ಅತ್ತರೂ ಜನ ನಗುತ್ತಿದ್ದರು. ಪಕ್ಕದಲ್ಲಿದ್ದ ಅಂಬುಜ ತಲೆ ತಗ್ಗಿಸಿಕೊಂಡು, ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಕೂತಳು. ನಾನು ಅವಳ ಕಡೆ ತಿರುಗಿಯೂ ನೋಡಲಿಲ್ಲ. ತಪ್ಪು ನನ್ನದು. ದೊಡ್ಡೋರು ಹೇಳಿದ್ದನ್ನು ಬರೆದಿಟ್ಟುಕೊಂಡವನು ನಾನು, ದಸ್ತಗೀರನ ಮಾತು ತಳ್ಳಿಹಾಕಿದವನು ನಾನು. ಆದರೂ ಎರಡು ದಿನ ಅವಳೊಡನೆ ಮಾತು ಬಿಟ್ಟಿದ್ದೆ.

ಚಿತ್ರದ ಪ್ರಿಂಟುಗಳು ಒಟ್ಟು ಆರು. ಒಂದೊಂದಕ್ಕೂ ಹೋಗಿ ಆ ತುಂಡು ಕತ್ತರಿಸಿ ತೆಗೆಯುವುದೆಂದು ತೀರ್ಮಾನಿಸಿದೆ. ದಸ್ತಗೀರ್ ಆಗಲೇ ಬೇರೆ ಚಿತ್ರದಲ್ಲಿ ಮುಳುಗಿದ್ದ. ಬ್ಲೇಡು, ಅಂಟಿನ ಸೀಸೆ, ತುಂಡು ಕೂಡಿಸುವ ಪುಟ್ಟ ಅಚ್ಚು ಕೊಟ್ಟು, ಹೇಗೆಂದು ತೋರಿಸಿ ಕಳಿಸಿದ. ಫಿಲ್ಮಿನ ಅಂಚನ್ನು ಬ್ಲೇಡಿನಿಂದ ಹೆರೆದು, ಅಂಟು ಹಚ್ಚಿ, ಪಕ್ಕದ ತೂತುಗಳು ಸರಿಯಾಗಿ ಒಂದರ ಮೇಲೊಂದು ಕೂರುವಂತೆ ಒತ್ತಿ ಹಿಡಿಯಬೇಕು. ಕೂದಲಷ್ಟು ಆಚೀಚೆಯಾದರೂ ಅಲ್ಲಿ ಚಿತ್ರ ತೆರೆಯ ಮೇಲೆ ಎಗರುತ್ತದೆ.

ದೊಡ್ಡಬಳ್ಳಾಪುರದ ಪ್ರಿಂಟನ್ನು ನಾನೇ ಕತ್ತರಿಸಿ ಅಂಟಿಸಿದೆ. ಮುಂದಿನ ಆಟದಲ್ಲಿ ಚಿತ್ರ ಎಗರಿತು, ಅಲ್ಲೇ ಕಿತ್ತೂ ಹೋಯಿತು. ಜನ ಮತ್ತೆ ಕೂಗಿದರು. ಮನೆಗೆ ಬಂದು ಕೂತಾಗ ಅಂಬುಜ ಬಂದು ಅಂಟಿನ ಸೀಸೆ ಎತ್ತಿಕೊಂಡಳು.

"ನಿಮ್ ಕೈ ನಡುಗ್ತದೆ. ನಾಳೆ ನಾನೂ ಬರ್ತೀನಿ."

"ನಿನಗೆ ಬರತ್ತಾ ಇದು?"

"ಮೂರು ಸಾವಿರ ಎಳೆ ಕೂಡಿಸ್ತಿದ್ದೋಳು ಕಣ್ರೀ ನಾನು. ಇದೇನು, ಎರಡೇ ತುದಿ."

ಹೀಗೆ ನಾವಿಬ್ಬರೂ ಬಸ್ಸು ಹತ್ತಿದೆವು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಕೊನೆಗೆ ತುಮಕೂರು. ಹಗಲು ಹೊತ್ತು ಆಪರೇಟರ ಕೋಣೆಯಲ್ಲಿ ರೀಲು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳು ಏಳುವ ಮೊದಲ ಚೌಕ ಹುಡುಕುವುದು ನನ್ನ ಕೆಲಸ. ಕತ್ತರಿಸಿ ಕೂಡಿಸುವುದು ಅವಳದು. ಕೂಡಿಸುವಾಗ ಉಸಿರು ಬಿಗಿಹಿಡಿದು ತುಟಿಯನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ಅವಳು ಕೂಡಿಸಿದ್ದು ಒಂದೂ ಎಗರಲಿಲ್ಲ. ನೆಲಮಂಗಲದ ಆಪರೇಟರ್, "ಏನ್ ಸಾರ್, ಈ ಪಿಕ್ಚರಲ್ಲಿ ಜನಕ್ಕೆ ಇಷ್ಟ ಆಗಿರೋದೇ ಅದೊಂದು. ಅದನ್ನೂ ಕತ್ತರಿಸ್ತಿದೀರಾ?" ಎಂದ. ಯಾರ ಕಾಲು ಎಂದು ಅವನಿಗೆ ಗೊತ್ತಿರಲಿಲ್ಲ. ಅಂಬುಜ ತಲೆ ಎತ್ತದೆ, "ಆ ಹೆಂಗಸಿಗೆ ಆ್ಯಕ್ಟಿಂಗ್ ಬರಲ್ಲ ಕಣಪ್ಪ" ಎಂದಳು.

ಒಂದು ಮಾತು ಇಲ್ಲಿ ಕಲಿಯುವವರಿಗೆ. ಪ್ರಿಂಟಿನ ಮೇಲೆ ಶಬ್ದದ ಪಟ್ಟಿ ಚಿತ್ರದ ಪಕ್ಕದಲ್ಲೇ ಇದ್ದರೂ, ಆಯಾ ಚಿತ್ರದ ಶಬ್ದ ಸ್ವಲ್ಪ ಮುಂಚೆಯೇ ಬಂದಿರುತ್ತದೆ. ಹೆಬ್ಬೆರಳಿನ ಚಿತ್ರ ಕತ್ತರಿಸಿದಾಗ ಅದರ ಮುಂದಿನ ಬಿಕ್ಕಿನ ಅರ್ಧ ಶಬ್ದವೂ ಅದರೊಂದಿಗೆ ಹೋಯಿತು. ಯಾವ ಬಿಕ್ಕಿಗಾಗಿ ಆ ಹೆಬ್ಬೆರಳನ್ನು ಉಳಿಸಿಕೊಂಡಿದ್ದೆನೋ ಅದೇ ಮೊಟಕಾಯಿತು.

ಹೊಸಕೋಟೆಯಲ್ಲಿ ಬಸ್ಸಿಗೆ ಸಮಯವಿತ್ತು ಎಂದು ಕೆರೆ ಏರಿಯ ಮೇಲೆ ಕೂತೆವು. ಕಡಲೆಕಾಯಿ ತಿನ್ನುತ್ತ ಅವಳು ಕತ್ತರಿಸಿದ ತುಂಡನ್ನು ಸೂರ್ಯನಿಗೆ ಹಿಡಿದು ನೋಡಿದಳು. "ನನ್ನ ಕಾಲು ಇಷ್ಟು ಚೆನ್ನಾಗಿದಾವೆ ಅಂತ ಗೊತ್ತಿರ್ಲಿಲ್ಲ" ಎಂದಳು. ಇಟ್ಟುಕೋ ಎಂದು ನಾನು ಹೇಳಬಹುದಿತ್ತು. "ಬಿಸಾಕು ಅದನ್ನ" ಎಂದೆ. ಅವಳು ನೀರಿಗೆ ಹಾಕಿದಳು. ಆ ಐದು ದಿನದ ತಿರುಗಾಟದ ಹೊರತು ನಾವಿಬ್ಬರೇ ಎಲ್ಲಿಗೂ ಹೋದದ್ದು ನನಗೆ ನೆನಪಿಲ್ಲ. ಆಮೇಲೆ ಸದಾ ಶೂಟಿಂಗು. ಆರನೆಯ ಪ್ರಿಂಟು ಬಳ್ಳಾರಿ ಕಡೆ ಹೋಗಿತ್ತು. ನಾವು ಪತ್ರ ಬರೆಯುವಷ್ಟರಲ್ಲಿ ಅಲ್ಲಿಂದ ಮುಂದಕ್ಕೆ ಹೋಗಿತ್ತು. ಅದು ಕೈಗೆ ಸಿಗಲೇ ಇಲ್ಲ.

ಮುಂದೆ ಕೆಲಸದ ರೀತಿಯೇ ಬದಲಾಯಿತು. ಸೆಟ್ಟು ಬಿಟ್ಟು ನಿಜವಾದ ಮನೆಗಳಲ್ಲಿ, ಬಯಲಲ್ಲಿ ತೆಗೆಯತೊಡಗಿದರು. ಬಣ್ಣ ಬಂತು, ನನ್ನ ಅರ್ಧ ಮುಚ್ಚಿದ ಕಣ್ಣಿಗೆ ಕೆಲಸವಿಲ್ಲದಾಯಿತು. ಮಾತು ಕಡಿಮೆ ಇರುವ ಚಿತ್ರಗಳನ್ನು ನಾನು ಮಾಡಬೇಕೆಂದುಕೊಂಡೆ, ಮಾಡಿಸುವವರು ಸಿಗಲಿಲ್ಲ. ಊರಿಗೆ ಬಂದುಬಿಟ್ಟೆವು. ನನ್ನ ಮೊದಲ ಚಿತ್ರದ ನೆಗೆಟಿವ್ ಲ್ಯಾಬಿನಲ್ಲೇ ಕೊಳೆತು ಹೋಯಿತೆಂದು ಯಾರೋ ಹೇಳಿದರು. ಹಳೆಯ ಪ್ರಿಂಟುಗಳನ್ನು ಫಿಲ್ಮಿನೊಳಗಿನ ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಹಾಕುತ್ತಿದ್ದ ಕಾಲ. ನಾನು ವಿಚಾರಿಸಲೂ ಇಲ್ಲ.

ಏಳು ವರ್ಷದ ಹಿಂದೆ ಅಂಬುಜಳಿಗೆ ಪಾರ್ಶ್ವವಾಯು ಹೊಡೆಯಿತು. ಎಡಗೈ ಸ್ವಲ್ಪ ಚೇತರಿಸಿತು, ಎಡಗಾಲು ಏಳಲಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಹೇಳಿದ್ದಳು, ಮೊದಲು ಹೆಬ್ಬೆರಳು ಬರಬೇಕು, ಅದು ಬಂದರೆ ಉಳಿದದ್ದು ಬರುತ್ತದೆ ಎಂದು. ದಿನಾ ಬೆಳಿಗ್ಗೆ ನಾನು ಹಾಸಿಗೆಯ ಕಾಲ ಕಡೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ.

"ಅಲ್ಲಾಡಿಸು. ಸ್ವಲ್ಪ ಮನಸ್ಸು ಮಾಡೆ. ಹೆಬ್ಬೆರಳು ಅಷ್ಟೇ."

ಒಂದು ದಿನ ನನ್ನ ದನಿ ಏರಿತು. ಅವಳ ಮಾತು ಆಗ ತೊದಲುತ್ತಿತ್ತು. ಆದರೂ ಬಿಡಿಸಿ ಬಿಡಿಸಿ ಹೇಳಿದಳು: "ಅವತ್ತು ಅಲ್ಲಾಡಿಸ್ದೆ ಅಂತ ಬೈದ್ರಿ. ಇವತ್ತು ಅಲ್ಲಾಡಿಸ್ಲಿಲ್ಲ ಅಂತ ಬೈತೀರಿ. ಯಾವುದಾದ್ರೂ ಒಂದು ಹೇಳಿ."

ಅವಳು ನಕ್ಕಳು. ನಾನು ಎದ್ದು ಹೊರಗೆ ಬಂದು ಬೀದಿಯ ಕೊನೆಯವರೆಗೆ ನಡೆದುಹೋದೆ. ಅದಾದ ಮೇಲೂ ಕೂರುತ್ತಿದ್ದೆ. ಏನೂ ಹೇಳದೆ ಸುಮ್ಮನೆ ಪಾದ ನೋಡುತ್ತಿದ್ದೆ. ಸುಮಾರು ಆರು ವರ್ಷ ಆ ಹೆಬ್ಬೆರಳು ಅಲುಗಲಿಲ್ಲ. ಹೋದ ವರ್ಷ ಅವಳು ಹೋದಾಗ ಎರಡೂ ಹೆಬ್ಬೆರಳು ಸೇರಿಸಿ ದಾರ ಕಟ್ಟಿದರು. ಕಟ್ಟಿದ್ದು ನನ್ನ ತಮ್ಮನ ಮಗ. ಗಂಟು ಹಾಕುವಾಗ ನಾನು ಗೋಡೆಯ ಕಡೆ ತಿರುಗಿದೆ.

ತಮ್ಮನ ಮನೆಯವರ ಮೊಬೈಲಿನಲ್ಲಿ ಅವಳ ವಿಡಿಯೋಗಳಿವೆ. ಎಲ್ಲವೂ ಹಾಸಿಗೆಯವು, ಗಾಲಿಕುರ್ಚಿಯವು. ಅವನ್ನು ನೋಡುವುದಿಲ್ಲ ಎಂದಲ್ಲ. ಆದರೆ ನನಗೆ ಬೇಕಾದದ್ದು ಆ ಒಂದು ಸೆಕೆಂಡು. ಅದನ್ನು ಬೇಕೆನ್ನುವ ಹಕ್ಕು ನನಗಿದೆಯೇ ಎಂದು ನಾನೇ ಕೇಳಿಕೊಂಡಿದ್ದೇನೆ.

ಹೀಗಿರುವಾಗ ದಸ್ತಗೀರನ ಮಗಳು ಶಮೀಮ್ ಫೋನ್ ಮಾಡಿದಳು. ಅವಳು ಸೋಂಪುರದ ಒಂದು ಕಾರ್ಖಾನೆಯ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಅಪ್ಪ ಮಗಳು ನೆಲಮಂಗಲದ ಹತ್ತಿರ ಅರಿಶಿನಕುಂಟೆಯಲ್ಲಿದ್ದಾರೆ.

"ಅಂಕಲ್, ನಿಮ್ಮ ಮೊದಲನೇ ಪಿಕ್ಚರ್ ನೆಟ್ಟಲ್ಲಿ ಯಾರೋ ಹಾಕವ್ರೆ. ಯಾವ್ದೋ ಹಳೇ ಟೀವಿ ಟೇಪಿಂದ ಅಂತೆ. ಲಿಂಕ್ ಕಳಿಸ್ಲಾ?"

"ಯಾವ ಪ್ರಿಂಟಿಂದು ಅಂತ ಬರೆದವ್ರಾ?"

"ಅದೆಲ್ಲಾ ಇಲ್ಲ ಅಂಕಲ್."

"ಕಳಿಸಬೇಡಮ್ಮ. ನಾನೇ ಬರ್ತೀನಿ" ಎಂದೆ.

ಹೋಗಲು ಎರಡು ವಾರ ತೆಗೆದುಕೊಂಡೆ. ನೋಡುವವರೆಗೂ ಅದು ಬಳ್ಳಾರಿಯ ಪ್ರಿಂಟೇ ಇರಬಹುದಲ್ಲ. ಆರರಲ್ಲಿ ಒಂದು. ಬೆಳಿಗ್ಗೆ ಏಳುತ್ತಲೇ ಅದನ್ನು ಹೇಳಿಕೊಂಡು, ಕಾಫಿ ಕುಡಿದು, ನಾಳೆ ಹೋದರಾಯಿತು ಎಂದುಕೊಳ್ಳುತ್ತಿದ್ದೆ. ಒಂದು ಭಾನುವಾರ ನೆಲಮಂಗಲದ ಬಸ್ಸು ಹತ್ತಿದೆ.

ದಸ್ತಗೀರನಿಗೆ ಈಗ ಕಿವಿ ಮಂದ, ಕಣ್ಣು ಚೆನ್ನಾಗಿದೆ. ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಅಂಬುಜಳ ಬಗ್ಗೆ ಏನೂ ಕೇಳಲಿಲ್ಲ. ಶಮೀಮ್ ಟೀ ಕೊಟ್ಟು ದೊಡ್ಡ ಟೀವಿಗೆ ಚಿತ್ರ ಹಾಕಿದಳು. ಮೂಲೆಯಲ್ಲಿ ಯಾವುದೋ ಚಾನೆಲ್ಲಿನ ಗುರುತು, ಮೇಲಿಂದ ಕೆಳಗೆ ಗೀರುಗಳು. ನನ್ನ ಹೆಸರು ಬಂತು, ದಸ್ತಗೀರನ ಹೆಸರು ಬಂತು. "ಅಬ್ಬಾ, ನಿಮ್ ಹೆಸರು ನೋಡಿ!" ಎಂದು ಶಮೀಮ್ ಕೂಗಿದರೆ, ಅವನು "ಕಾಗುಣಿತ ತಪ್ಪು ಬರೆದವ್ರೆ, ಆವತ್ತೇ ಹೇಳಿದ್ದೆ" ಎಂದ.

ಹಾಡುಗಳನ್ನು ದಾಟಿಸಿ ಆ ದೃಶ್ಯಕ್ಕೆ ಬಂದೆವು. ಬಿಳಿ ಬಟ್ಟೆ. ಎರಡು ಪಾದ. ಅರಿಶಿನ ತೆರೆಯ ಮೇಲೆ ಬೂದಿಯಂತೆ ಕಾಣುತ್ತಿತ್ತು. ಹೆಬ್ಬೆರಳುಗಳ ಮೇಲೆ ನಾನು ಹಾಸಿಟ್ಟ ದಾರ. ಮಗ ಬಂದ. ಬಾಗಿದ. ಹನಿ ಬಿತ್ತು. ನಾನು ಕುರ್ಚಿಯ ಅಂಚಿಗೆ ಬಂದಿದ್ದೆ.

ದಾರ ಪಾದದ ಪಕ್ಕದಲ್ಲಿ ಬಿದ್ದಿತ್ತು. ನಟನ ಬಿಕ್ಕು ಅರ್ಧದಿಂದ ಶುರುವಾಯಿತು.

"ನೆಟ್ ಸಿಕ್ಕಾಕೊಂತಾ ಅಂಕಲ್? ತಡೀರಿ" ಎಂದು ಶಮೀಮ್ ರಿಮೋಟ್ ಎತ್ತಿಕೊಂಡಳು.

"ನೆಟ್ ಅಲ್ಲಮ್ಮ" ಎಂದೆ.

ದಸ್ತಗೀರ್ ಎದ್ದು ಟೀವಿಯ ಹತ್ತಿರ ಹೋಗಿ ನಿಂತ. "ಬೇಟಿ, ವಾಪಸ್ ಹಾಕು" ಎಂದ. ನೋಡಿದ. "ಇನ್ನೊಂದ್ಸಲ" ಎಂದ. ಮೂರನೆಯ ಸಲ ತೆರೆಯ ಕೆಳಗಿನ ಅಂಚಿನ ಮೇಲೆ ಬೆರಳಿಟ್ಟುಕೊಂಡು ನೋಡಿದ. ನಾನು ಬಂದದ್ದು ಯಾಕೆಂದು ಅವನಿಗೆ ಹೇಳಿರಲಿಲ್ಲ. ಅವನಿಗೆ ಗೊತ್ತಿತ್ತು ಎಂದು ಆಗ ತಿಳಿಯಿತು.

"ಬಳ್ಳಾರಿದಲ್ಲ ಸಾಮಿ."

"ಅಲ್ಲ."

"ನೀವು ಕೂಡಿಸಿದ್ದೂ ಅಲ್ಲ. ನಿಮ್ದಾಗಿದ್ರೆ ಇಲ್ಲಿ ಚಿತ್ರ ಎಗರ್ತಿತ್ತು. ಇಲ್ನೋಡಿ, ಚಟ್ಟದ ಅಂಚು ನೋಡಿ, ಕೂದಲಷ್ಟೂ ಅಲ್ಲಾಡಿಲ್ಲ." ಬೆರಳನ್ನು ಅಲ್ಲೇ ಇಟ್ಟುಕೊಂಡು ನನ್ನ ಕಡೆ ತಿರುಗಿದ. "ಇದು ಅಮ್ಮಾವ್ರ ಕೈ."

ನಾನು ಎದ್ದು ಅವನ ಪಕ್ಕ ಹೋಗಿ ನಿಂತೆ. ಶಮೀಮ್ ಮತ್ತೆ ಹಿಂದಕ್ಕೆ ಹಾಕಿದಳು. ಚಟ್ಟದ ಅಂಚನ್ನು ನೋಡಿದೆ. ಅವನು ಹೇಳಿದಂತೆಯೇ ಇತ್ತು. ದೇವನಹಳ್ಳಿಯದೋ ಹೊಸಕೋಟೆಯದೋ ನೆಲಮಂಗಲದ್ದೋ, ಯಾವುದೋ ಒಂದು ಕೋಣೆಯ ಕಿಟಕಿಯಲ್ಲಿ, ಉಸಿರು ಬಿಗಿಹಿಡಿದು, ಅವಳು ತನ್ನ ಕಾಲಿನ ಅಲುಗಾಟವನ್ನು ತೆಗೆದು ಎರಡು ತುದಿಗಳನ್ನು ಕೂಡಿಸಿದ್ದಳು. ಅಷ್ಟು ಚೆನ್ನಾಗಿ ಕೂಡಿಸದಿದ್ದರೆ ಒಂದಾದರೂ ಚೌಕ ಉಳಿದಿರುತ್ತಿತ್ತೇನೋ.

ಶಮೀಮ್‌ಗೆ ಅಡುಗೆಮನೆಯಲ್ಲಿ ಕೆಲಸವಿತ್ತು. ಯಾವ ಗುಂಡಿ ಒತ್ತಿದರೆ ಹತ್ತು ಸೆಕೆಂಡು ಹಿಂದಕ್ಕೆ ಹೋಗುತ್ತದೆಂದು ತೋರಿಸಿ ರಿಮೋಟನ್ನು ನನ್ನ ಕೈಗಿಟ್ಟಳು. ದಸ್ತಗೀರ್ ತನ್ನ ಕುರ್ಚಿಯನ್ನು ನನ್ನ ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡ. ನಾನು ಒತ್ತಿದೆ. ದಾರ ಬೆರಳಿನ ಮೇಲಿತ್ತು. ದಾರ ಪಾದದ ಪಕ್ಕದಲ್ಲಿತ್ತು. ಮತ್ತೆ ಒತ್ತಿದೆ. ನಡುವೆ ಏನಾಯಿತೆಂದು ಆ ಮನೆಯಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.